ಯಾರ ವಶದಿಂದ, ಯಾರ ವಶಕ್ಕೆ

ಮಂಗಳವಾರ ಮಗುವಿನ ಬಾಯಿ, ಗುರುವಾರ ಆ ಗಂಡಸಿನದು.
ನನ್ನ ಕೆಲಸ ಇಷ್ಟೇ: ತುದಿಗೆ ಹತ್ತಿ ಸುತ್ತಿದ ಕಡ್ಡಿ,
ಕೆನ್ನೆಯ ಒಳಗೋಡೆಗೆ ಹತ್ತು ಸಲ ಉಜ್ಜು, ಲಕೋಟೆ, ಮೊಹರು.
ಇಪ್ಪತ್ತೊಂದು ವರ್ಷ ಈ ನೆಬ್ರಾಸ್ಕಾದ ಬಯಲಲ್ಲಿ
ಹಳೇ ಬ್ಯೂಕ್ ಕಾರಿನಲ್ಲಿ ಜನರ ಅನುಮಾನ ಹೊತ್ತು ತಂದಿದ್ದೇನೆ,
ಒಂದನ್ನೂ ಬಿಚ್ಚಿ ನೋಡಿಲ್ಲ.

ಒಡೆಟ್. ನಾಲ್ಕು ವರ್ಷ.
ಅಡುಗೆಮನೆಯ ಸ್ಟೂಲಿನ ಮೇಲೆ ಕಾಲು ಆಡಿಸುತ್ತ
"ಇದಕ್ಕೆ ರುಚಿ ಇದೆಯಾ?" ಎಂದಳು.
ಇಲ್ಲ ಎಂದೆ. ನಂಬದೆ ಕಡ್ಡಿ ಕಚ್ಚಿದಳು,
ನಾಲಗೆಯನ್ನು ಎಡಗೆನ್ನೆಗೆ ಒತ್ತಿ ಯೋಚಿಸಿ
"ಹಳೇ ಟವೆಲ್ ತರ" ಎಂದು ತೀರ್ಪು ಕೊಟ್ಟಳು.
ಬಾಗಿಲಲ್ಲಿ ಮಲತಂದೆ. ಒಳ್ಳೆಯವನು, ಅದನ್ನೂ ಹೇಳಬೇಕು.
ಅವಳ ಬೂಟಿನ ಲೇಸಿಗೆ ಎರಡು ಗಂಟು ಹಾಕುತ್ತಾನೆ.
ಜನನಪತ್ರದಲ್ಲಿ ಖಾಲಿ ಬಿಟ್ಟ ಸಾಲಿಗೆ
ದತ್ತಕದ ಅರ್ಜಿಯಲ್ಲಿ ತನ್ನ ಹೆಸರು ಬರೆದಿಟ್ಟಿದ್ದಾನೆ,
ದುಂಡಗೆ, ಗೆರೆ ದಾಟದಂತೆ.

ಜೈಲಿಗೆ ನೂರ ನಲವತ್ತು ಮೈಲಿ.
ಗೇಟಿನಲ್ಲಿ ನನ್ನ ಪೆನ್ನು ಇಸಿದುಕೊಂಡು
ಚುಚ್ಚಲಾರದ, ಬಳುಕುವ ರಬ್ಬರಿನ ಪೆನ್ನು ಕೊಟ್ಟರು.
ವೆಂಡೆಲ್ ಹ್ರುಸ್ಕಾ, ಇಪ್ಪತ್ತೊಂಬತ್ತು, ಇನ್ನೂ ಆರು ವರ್ಷ ಬಾಕಿ.
ಏನು ಮಾಡಿದ್ದ? ನನ್ನ ಫಾರಮ್ಮಿನಲ್ಲಿ ಆ ಅಂಕಣ ಇಲ್ಲ.
ನೋಟೀಸು ಮೊದಲಿನ ಜೈಲಿಗೆ ಹೋಗಿ, ಸುತ್ತಿ ಸುತ್ತಿ
ಅವನ ಕೈಸೇರಿದ್ದು ಇಪ್ಪತ್ತಾರನೆಯ ದಿನ. ಗಡುವು ಮೂವತ್ತು.
"ನಾನೇ ತಂದೆ" ಎಂದು ಪೆನ್ಸಿಲಿನಲ್ಲಿ ಬರೆದನಂತೆ,
"ಅಂದುಕೊಂಡಿದ್ದೇನೆ" ಎಂದು ಸೇರಿಸಿದನಂತೆ,
ಅದನ್ನು ಅಳಿಸಿ ಅಳಿಸಿ ಕಾಗದ ತೂತಾಯಿತಂತೆ.
ತೂತಿನ ಸಮೇತ ಕಳಿಸಿದ.

ಬಾಯಿ ತೆರೆದ. ಮತ್ತೆ ಮುಚ್ಚಿ ಕೇಳಿದ:
"ಇದಕ್ಕೇನಾದರೂ ರುಚಿ ಇದೆಯಾ?"
ನಾಲಗೆ ಹೋಗಿ ಎಡಗೆನ್ನೆಯಲ್ಲಿ ಕೂತಿತ್ತು.

ಲ್ಯಾಬಿಗೆ ಎರಡು ವಾರ ಬೇಕು. ನನಗೆ ಬೇಕಾಗಲಿಲ್ಲ.
ಆದರೆ ನನಗೆ ಗೊತ್ತಾದದ್ದು ಪುರಾವೆಯಲ್ಲ.
"ಮಗೂನ ನೋಡಿದಿರಾ?"
ಹೇಳುವಂತಿಲ್ಲ.
"ಉದ್ದ ಆಗಿದಾಳಾ?"
ಹೇಳುವಂತಿಲ್ಲ.
ಸರಿ ಅಂದ. ಕೋಳ ತೊಟ್ಟ ಕೈಗಳೆರಡನ್ನೂ ಒಟ್ಟಿಗೆ ಎತ್ತಿ
ಗಾಳಿಯಲ್ಲಿ ಒಂದು ಎತ್ತರ ತೋರಿಸಿ ನನ್ನ ಮುಖ ನೋಡಿದ.
ಇನ್ನು ಚೂರು ಮೇಲೆ. ನೋಡಿದ.
ಇನ್ನೊಂದು ಚೂರು.
ನಾನು ರೆಪ್ಪೆ ಬಡಿದಿರಬಹುದು. ದಾಖಲೆಯಲ್ಲಿಲ್ಲ.
ಅವನ ಕೈ ಅಲ್ಲೇ ನಿಂತಿತು, ಗಾರ್ಡು ಕೆಮ್ಮುವವರೆಗೆ.

ಫಾರಮ್ಮಿನ ಕೊನೆಗೆ ಎರಡು ಅಂಕಣ:
ಯಾರ ವಶದಿಂದ, ಯಾರ ವಶಕ್ಕೆ.
ಅವನು ಸರಕಾರದ ವಶ. ಮಗು ತಾಯಿಯ ವಶ.
ಅವನ ಎಂಜಲು, ಅವಳ ಎಂಜಲು ನನ್ನ ವಶ,
ಶುಕ್ರವಾರ ಕೊರಿಯರ್ ಬರುವ ತನಕ.
ಎಂದೂ ಒಂದು ತಟ್ಟೆಯಲ್ಲಿ ಉಣ್ಣದ ಇಬ್ಬರು
ನನ್ನ ಹಿಂದಿನ ಸೀಟಿನಲ್ಲಿ, ಬೇರೆ ಬೇರೆ ಚೀಲದಲ್ಲಿ.
ಒಂದಕ್ಕೊಂದು ತಾಗಕೂಡದು, ನಿಯಮ.
ಪೆಟ್ಟಿಗೆಗೆ ಸೀಟ್ ಬೆಲ್ಟ್ ಹಾಕಿದೆ. ಅದಕ್ಕೆ ನಿಯಮವಿಲ್ಲ.
ಪ್ಲ್ಯಾಟ್ ನದಿಯ ಸೇತುವೆಯ ಮೇಲೆ ನಿಧಾನಕ್ಕೆ ಹೋದೆ,
ಹಿಂದಿನ ಲಾರಿಯವನು ಹಾರನ್ ಮಾಡುತ್ತಲೇ ಇದ್ದ.

ತೊಂಬತ್ತೊಂಬತ್ತರ ಮುಂದೆ ಚುಕ್ಕಿಯಿಟ್ಟು ಇನ್ನಷ್ಟು ಒಂಬತ್ತು,
ಅಂಥ ಕಾಗದ ಬರುತ್ತದೆ. ರಕ್ತದ ಪ್ರಶ್ನೆಗೆ ಅದು ಉತ್ತರ.
ಲೇಸಿನ ಎರಡು ಗಂಟಿಗೂ, ತೂತು ಬಿದ್ದ ಕಾಗದಕ್ಕೂ
ನ್ಯಾಯಾಧೀಶರು ಬೇರೆ ಪುಟ ತಿರುವಬೇಕು.
ಜೈಲಿನಿಂದ ಫೋನಿನಲ್ಲಿ ಅವನ ದನಿ ಬರುತ್ತದೆ, ತುಂಡುತುಂಡಾಗಿ.
ಆ ದಿನ ನನ್ನನ್ನು ಯಾರೂ ಕರೆಯುವುದಿಲ್ಲ.

ಶುಕ್ರವಾರ ಕೊರಿಯರ್ ಹುಡುಗ ರಸೀತಿ ಚಾಚಿದ.
ಸಹಿ ಹಾಕಲು ಹೋದರೆ ಅಕ್ಷರ ಬಳುಕಿತು.
ಜೈಲಿನ ಪೆನ್ನು. ನನ್ನ ಬಳಿಯೇ ಉಳಿದುಬಿಟ್ಟಿದೆ,
ಯಾರೂ ವಾಪಸು ಕೇಳಿರಲಿಲ್ಲ.